ಕೆನಡಾಕ್ಕೆ ಕೊಟ್ಟ ಗಡ್ಡದವನು

ಇವತ್ತು ಕ್ಲಾಸೆಟ್ಟಿನಿಂದ ಅತ್ತೆಯ ಮಫ್ಲರ್ ತೆಗೆದೆ. ನೋವಿನ ಮುಲಾಮು, ಪಾಪ್‌ಕಾರ್ನು ಎರಡೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಎಷ್ಟು ಒಗೆದರೂ ಹೋಗುವುದಿಲ್ಲ, ನೋಡಿ. ಐಸ್ ಹಾಕಿ ಆಟ ನೋಡಲು ಹೋಗುವಾಗ ಅತ್ತೆ ಕಿವಿಗೆ ಸುತ್ತಿಕೊಳ್ಳುವ ಮಫ್ಲರ್ ಇದು.

ಧಾರವಾಡದ ನಮ್ಮತ್ತೆಗೂ ಐಸಿನ ಮೇಲಿನ ಆ ಗುದ್ದಾಟಕ್ಕೂ ಏನು ಸಂಬಂಧವೆನ್ನುತ್ತೀರಾ? ಮೊಮ್ಮಗಳನ್ನು ನೋಡಿಕೊಳ್ಳಲು ಕಡಲು ದಾಟಿ ಸರಟೋಗಾದ ನಮ್ಮ ಮನೆಗೆ ಬಂದವರು ಟೀವಿಯಲ್ಲಿ ಇಲ್ಲಿನ ತಂಡದ ಆಟ ಕಂಡು ಅಲ್ಲೇ ಕೂತುಬಿಟ್ಟರು. ಆಡುವುದು ಒಂದು ರಬ್ಬರಿನ ಬಿಲ್ಲೆಯಲ್ಲಿ. ಅದು ಇವತ್ತಿಗೂ ನನ್ನ ಕಣ್ಣಿಗೆ ಬೀಳುವುದಿಲ್ಲ. ಅತ್ತೆಗೆ ಬಿಲ್ಲೆ ಬೇಕಿರಲಿಲ್ಲ, ಆಟಗಾರರ ಮನೆತನ ಬೇಕಿತ್ತು. ಯಾವ ಊರಿನವನು, ಮೊದಲು ಯಾವ ತಂಡದಲ್ಲಿದ್ದ, ಇಲ್ಲಿಂದ ಎಲ್ಲಿಗೆ ಹೋದ? ನನ್ನ ಗಂಡ ತಂಡ ಹುಟ್ಟಿದಾಗಿನಿಂದ ಹಿಡಿದು ಎಲ್ಲವನ್ನೂ ಓದಿ ಹೇಳಬೇಕಾಯಿತು. ಮೊದಲ ವರ್ಷಗಳಲ್ಲಿ ಬರೀ ಸೋಲು ಎಂದಾಗ ಅತ್ತೆಯೇ, "ಹೊಸಾ ಸಂಸಾರ, ಹಂಗ ಇರ್ತದ" ಎಂದು ಸಮಾಧಾನ ಹೇಳಿದರು.

ಹೆಸರುಗಳು ನಾಲಿಗೆಗೆ ಹೊರಳದೆ ಗಡ್ಡದಾಂವ, ಹಲ್ಲಿಲ್ಲದಾಂವ ಎಂದು ತಾವೇ ನಾಮಕರಣ ಮಾಡಿದರು. ಒಬ್ಬನನ್ನು ಬೇರೆ ತಂಡಕ್ಕೆ ಬಿಟ್ಟರೆ "ಕೊಟ್ಟಾರ" ಎನ್ನುವರು, ಹೆಣ್ಣು ಕೊಟ್ಟ ಹಾಗೆ. ಅವನು ಎದುರಾಳಿಯಾಗಿ ಇಲ್ಲಿಗೆ ಆಡಲು ಬಂದರೆ, "ತವರಿಗೆ ಬಂದಾನ, ಬೈಬ್ಯಾಡ್ರಿ." ನಾನು ಇದನ್ನೆಲ್ಲ ಗೆಳತಿಯರಿಗೆ ಹೇಳಿಕೊಂಡು ನಗುತ್ತಿದ್ದೆ.

ಆಮೇಲೆ ಅತ್ತೆಗೆ ತಲೆಯ ಆಪರೇಷನ್ ಆಯಿತು. ಎಚ್ಚರವಾದಾಗ ಮಗನನ್ನು ತಮ್ಮ ಅಣ್ಣನ ಹೆಸರಿನಿಂದ ಕರೆದರು; ನನ್ನನ್ನು ನರ್ಸು ಅಂದುಕೊಂಡರು. ನೆನಪು ಮರಳಬಹುದು, ಮರಳದೆಯೂ ಇರಬಹುದು, ಕಾದು ನೋಡೋಣ ಎಂದರು ಡಾಕ್ಟರು. ಒಮ್ಮೆ ಆಸ್ಪತ್ರೆಯಿಂದ ಮನೆಗೆ ಬರುವಾಗ ಫ್ರೀವೇಯಲ್ಲಿ ನಮ್ಮ ಸರಟೋಗಾದ ಎಕ್ಸಿಟ್ಟೇ ತಪ್ಪಿಹೋಯಿತು.

ಒಂದು ಮಧ್ಯಾಹ್ನ ಮಗಳು ಅಜ್ಜಿಯ ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ಆಟದ ಸುದ್ದಿ ನೋಡುತ್ತಿದ್ದಳು. ನಮ್ಮ ತಂಡದ ಹೊಸ ಹುಡುಗನೊಬ್ಬ ಒಂದೇ ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಹಳೆಯ ದಾಖಲೆಯನ್ನು ಮುರಿದಿದ್ದ.

"ಅಜ್ಜಿ, ಗಡ್ಡದಾಂವನ ರೆಕಾರ್ಡ್ ಈಸ್ ಗಾನ್!"

ಅತ್ತೆ ಕಣ್ಣು ಬಿಟ್ಟರು. "ಗಡ್ಡದಾಂವಂದಲ್ಲ. ಅದು ಹಲ್ಲಿಲ್ಲದಾಂವಂದು. ಗಡ್ಡದಾಂವನ್ನ ಅಷ್ಟೊತ್ತಿಗೆ ಕೆನಡಾಕ್ಕ ಕೊಟ್ಟಿದ್ರು."

ಮಗಳು ಫೋನು ಕೆದಕಿದಳು. "ಓ ಮೈ ಗಾಡ್, ಷಿ ಈಸ್ ರೈಟ್!"

ನನಗೆ ಹೋದ ಜೀವ ಬಂದಂತಾಯಿತು. ಮಂಚ ಹಿಡಿದು ಗಳಗಳ ಅತ್ತುಬಿಟ್ಟೆ. ಅತ್ತೆ ನನ್ನನ್ನೇ ನೋಡಿ, ಮೊಮ್ಮಗಳ ಕಡೆ ತಿರುಗಿದರು.

"ನಿಮ್ಮವ್ವ ಯಾಕ ಅಳ್ತಾಳ? ಅಲ್ಲಿ ಅವನ್ನ ಛಲೋ ನೋಡ್ಕೊಂಡಾರಂತ ಹೇಳ ಆಕಿಗೆ."

ಇವತ್ತು ಸಂಜೆ ಆ ಗಡ್ಡದವನು ತನ್ನ ಕೆನಡಾ ತಂಡದ ಜೊತೆ ಇಲ್ಲಿ ಆಡುತ್ತಾನೆ. ಗಡ್ಡ ನರೆತಿದೆಯಂತೆ. ಅತ್ತೆ ಆಗಲೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತು "ಹೊತ್ತಾತು, ಬಾರವಾ" ಎನ್ನುತ್ತಿದ್ದಾರೆ. ಬಿಲ್ಲೆ ನನಗೆ ಈ ಸಲವೂ ಕಾಣಿಸಲಿಕ್ಕಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಯಾರಾದರೂ ಅವನನ್ನು ಬೈದರೆ ಮೊದಲು ಎದ್ದು ನಿಲ್ಲುವವಳು ನಾನೇ.