ನದಾಫ್ ಸರ್ ಅವರ ಮೊದಲ ಸಾಲು

ತೆರೆದ ಬಾಗಿಲನ್ನೂ ತಟ್ಟಿಯೇ ಒಳಗೆ ಬರುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ನದಾಫ್ ಸರ್ ನಮ್ಮ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಇದ್ದ ಕಬ್ಬಿಣದ ಕಪಾಟನ್ನೂ ಬೆರಳ ಗೆಣ್ಣಿನಿಂದ ತಟ್ಟಿ, "ಬರಲೇನ್ರಿ?" ಎಂದು ಕೇಳಿಯೇ ತೆರೆಯುತ್ತಿದ್ದರು. ದಾದಾಗೆ, ಅಂದರೆ ಅಣ್ಣನಿಗೆ, ಒಳಗಿನ ಭೂತದ ಪರಿಚಯವಿದೆ ಎಂದು ಬಂಗಾಳಿ ಸಹೋದ್ಯೋಗಿಗಳು ನಗುತ್ತಿದ್ದರು. ಅವರೂ ನಗುತ್ತಿದ್ದರು. ತಟ್ಟುವುದನ್ನು ಮಾತ್ರ ಬಿಡಲಿಲ್ಲ.

ಧಾರವಾಡದ ಕಡೆಯವರು, ಮನೆ ಇಲ್ಲೇ ಬಂಗಾಳದಲ್ಲಿ, ಊರಿನ ಇನ್ನೊಂದು ತುದಿಯ ಡಮ್ ಡಮ್‌ನಲ್ಲಿ. ನನ್ನ ಮೈಸೂರು ಕನ್ನಡ ಕೇಳಿದಾಗಲೆಲ್ಲ "ಸಕ್ಕರಿ ಭಾಳ ಆತು ತಂಗಿ" ಎಂದು ಛೇಡಿಸುತ್ತಿದ್ದರು. ದಕ್ಷಿಣದವರ ಅಂಗಡಿಗಳಿರುವ ಲೇಕ್ ಮಾರ್ಕೆಟ್ಟಿನಿಂದ ನಾನು ತರುತ್ತಿದ್ದ ಕಾಫಿಪುಡಿಯಲ್ಲಿ ಅರ್ಧ ಪಾಲು ಅವರದೇ.

ನನಗೆ ಕೆಲಸ ಕಲಿಸಿದವರೂ ಅವರೇ. ಸ್ವಿಚ್ಚಿನೊಳಗೆ ಯಾರು ಬರಬಹುದು, ಯಾರು ಬರಬಾರದು ಎಂಬ ನಿಯಮಗಳನ್ನು ಸಾಲುಸಾಲಾಗಿ ಬರೆಯಬೇಕು. ಸ್ವಿಚ್ಚು ಮೇಲಿನಿಂದ ಓದುತ್ತಾ ಬರುತ್ತದೆ. ಬಂದ ಕಂಪ್ಯೂಟರಿನ ವಿಳಾಸದ ಸಂಖ್ಯೆ ಯಾವ ಸಾಲಿಗೂ ಹೊಂದದಿದ್ದರೆ ಕೊನೆಯ ಸಾಲು ಅದನ್ನು ಹೊರಗಟ್ಟುತ್ತದೆ. ಪ್ರತಿ ಸಾಲಿನ ಪಕ್ಕ, ಎಷ್ಟು ಸಲ ಬಂದರು ಎಂಬ ಎಣಿಕೆ ಏರುತ್ತಿರುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸರ್ ತಮ್ಮ ಕಂಪ್ಯೂಟರಿಗೆ ಅನುಮತಿ ಬರೆದುಕೊಂಡಿದ್ದರು.

ಅದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಶಾಖೆಯಲ್ಲಿ ಕುಳಿತು ನಮ್ಮ ಗಾರ್ಡನ್ ರೀಚ್ ಆಫೀಸಿನ ಸ್ವಿಚ್ಚಿಗೆ ನಿಯಮ ಬರೆಯುವಾಗ ತಮ್ಮ ವಿಳಾಸವನ್ನೇ ಸೇರಿಸಲು ಮರೆತರಂತೆ. ಸ್ವಿಚ್ಚು ಅವರನ್ನೇ ಹೊರಹಾಕಿತು. ಊರೆಲ್ಲ ದಾಟಿ ಇಲ್ಲಿಗೆ ಓಡಿ ಬಂದರೆ, ಕಪಾಟಿನ ಕೀ ಇದ್ದವನು ಪೂಜೆಯ ರಜೆಗೆ ಹೋಗಿದ್ದ.

"ಬಡದ ಬಡದೆ ತಂಗಿ. ಒಳಗ ಯಾರೂ ಇಲ್ಲಂತ ಗೊತ್ತಿತ್ತು, ಆದ್ರೂ ಬಡದೆ. ನಾ ಕಟ್ಟಿದ ಮನಿಗೆ ನಾನ ಹೊರಗಿನವ ಆಗಿದ್ದೆ. ನನ್ನ ಸಾಲು ಮಾತ್ರ ಎಂದೂ ತಗೀಬ್ಯಾಡ."

ನಗುತ್ತಲೇ ಮಾತು ಕೊಟ್ಟೆ.

ಕಳೆದ ಚಳಿಗಾಲದಲ್ಲಿ ಎದೆನೋವು ಬಂದು ಸರ್ ತೀರಿಕೊಂಡರು. ಅಪ್ಪ ಹೋದಾಗಿನಷ್ಟೇ ಅತ್ತೆ. ಅವರ ಹಳೆಯ ಕಂಪ್ಯೂಟರು ಗುಜರಿಗೆ ಹೋಯಿತು. ಅದರ ವಿಳಾಸವನ್ನು ನಾನು ಯಾರಿಗೂ ಕೊಡಲಿಲ್ಲ. ಒಂದು ಬೆಳಿಗ್ಗೆ ನಿಯಮಗಳನ್ನು ತೆರೆದು ನೋಡಿದರೆ, ಮೊದಲ ಸಾಲಿನ ಎಣಿಕೆ ಏರಿತ್ತು.

ಭೂತವೆಂದು ನಂಬುವ ಜಾತಿ ನನ್ನದಲ್ಲ. ಯಾವನೋ ಕಳ್ಳ ಆ ವಿಳಾಸ ಹಾಕಿಕೊಂಡು ನುಸುಳುತ್ತಿದ್ದಾನೆಂದು ವೈರು ವೈರು ಹುಡುಕಿದೆ. ಸರ್ ಮೇಜಿನ ವೈರು ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಮರುದಿನವೂ ಎಣಿಕೆ ಏರಿತು, ಅವರು ಆಫೀಸಿಗೆ ಬರುತ್ತಿದ್ದ ಹೊತ್ತಿಗೇ. ಪಕ್ಕದಲ್ಲಿ ನಿಂತು ನೋಡಿದ ಸಹೋದ್ಯೋಗಿ ಮಿತಾದಿ ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಹೋದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಅಷ್ಟರಲ್ಲಿ ಆಡಿಟ್‌ನವರು ಬಂದರು. ಇಲ್ಲದ ಮನುಷ್ಯನ ಹೆಸರಿನಲ್ಲಿ ಬಾಗಿಲು ತೆರೆದಿಡುವುದು ಅಪಾಯ, ಆ ಸಾಲು ತೆಗೆಯಿರಿ ಎಂದರು. ಅವರ ಮಾತು ಸರಿಯೇ. ಸರ್ ಬದುಕಿದ್ದರೆ ಅವರೂ ಬೇರೆಯವರ ವಿಷಯದಲ್ಲಿ ಅದನ್ನೇ ಹೇಳುತ್ತಿದ್ದರು. ಹಾಡುಹಗಲಲ್ಲಿ, ಆಡಿಟ್‌ನವರ ಎದುರಿಗೇ ಸಾಲು ಅಳಿಸಿದೆ. ಕೊಟ್ಟ ಮಾತು ಮುರಿದೆ, ನಿಜ. ಆದರೆ ಸಾಲೇ ಇಲ್ಲದ ಮೇಲೆ ಎಣಿಕೆ ಎಲ್ಲಿಂದ ಬರಬೇಕು ಎಂದು ಸಮಾಧಾನವೂ ಆಯಿತು.

ಮರುದಿನ ಬೆಳಿಗ್ಗೆ ನಿಯಮಗಳನ್ನು ಮತ್ತೆ ತೆರೆದೆ. ನಮ್ಮಲ್ಲಿ ಸದಾ ಸುಮ್ಮನಿರುವ ಕೊನೆಯ ಸಾಲಿನ ಎಣಿಕೆ ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು. ಹೊರಗಟ್ಟಿದವರ ವಿಳಾಸವನ್ನೂ ಸ್ವಿಚ್ಚು ತೋರಿಸುತ್ತದೆ. ವಿಳಾಸ ನದಾಫ್ ಸರ್ ಅವರದು. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ತಟ್ಟಿ, ಉತ್ತರಕ್ಕೆ ಕಾದು, ಮತ್ತೆ ತಟ್ಟುವವರ ಹಾಗೆ.

ಎದ್ದು ಹೋಗಿ ಕಪಾಟಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು, "ಬನ್ನಿ ಸರ್" ಎಂದೆ.

ಹಿಂದೆ ಪರದೆಯ ಮೇಲೆ ಎಣಿಕೆ ಏರುತ್ತಲೇ ಇತ್ತು. ಬಾಯಿಮಾತಿಗೆ ಸ್ವಿಚ್ಚು ಬಾಗಿಲು ತೆಗೆಯುವುದಿಲ್ಲ. ಹಾಗೆಂದು ಕಲಿಸಿದವರೂ ಅವರೇ.