ಅಕ್ಕನ ಚೀಟಿಯಲ್ಲಿ ನಾನು ತಪ್ಪಾಗಿ ಓದಿದ ಪದ

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಎಪ್ಪತ್ತರ ದಶಕದ ತರೀಕೆರೆಯಲ್ಲಿ ಅದೇನು ಸಣ್ಣ ಮಾತಲ್ಲ. ಕಚೇರಿಯ ನೋಟೀಸಾಗಲಿ, ಔಷಧಿ ಬಾಟಲಿಯ ಮೇಲಿನ ಅಕ್ಷರವಾಗಲಿ, ಬೀದಿಯವರು ನನ್ನ ಹತ್ತಿರವೇ ತರುತ್ತಿದ್ದರು. ಗೊತ್ತಿಲ್ಲ ಎನ್ನುವುದನ್ನು ಮಾತ್ರ ನಾನು ಕಲಿತಿರಲಿಲ್ಲ.

ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಮದುವೆಯಾದ ಎರಡನೇ ವರ್ಷ, ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಅವಳಿಗೆ ಏದುಸಿರು ಬರತೊಡಗಿತು. ಭಾವ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಕರೆದೊಯ್ದು, ವಾರ ಬಿಟ್ಟು ಇಂಗ್ಲಿಷಿನ ಚೀಟಿಯೊಂದನ್ನು ತಂದರು. "ಎಲ್ಲಾ ಇದ್ರಲ್ಲೇ ಬರ್ದೀವಿ, ಓದಿಸ್ಕೊಳ್ಳಿ ಅಂದ್ರು. ಜನವೋ ಜನ, ಇನ್ನೇನೂ ಕೇಳಕ್ಕಾಗ್ಲಿಲ್ಲ" ಎಂದು ಅದನ್ನು ನನ್ನ ಕೈಗಿಟ್ಟರು.

ಕಾಯಿಲೆಯ ಹೆಸರು ಮೈಟ್ರಲ್ ಸ್ಟೆನೋಸಿಸ್ ಎಂದಿತ್ತು. ಅರ್ಥವಾಗಲಿಲ್ಲ. ಮೂರು ವಾರಕ್ಕೊಂದು ಇಂಜೆಕ್ಷನ್ ಎಂಬುದು ಅರ್ಥವಾಯಿತು. ಕೊನೆಯ ಸಾಲು 'ಪ್ರೆಗ್ನೆನ್ಸಿ ಕಾಂಟ್ರಾಇಂಡಿಕೇಟೆಡ್'. ಪ್ರೆಗ್ನೆನ್ಸಿ ಅಂದರೆ ಬಸಿರು. ಇಂಡಿಕೇಟ್ ಅಂದರೆ ಸೂಚಿಸು, ಪಾಠದಲ್ಲಿ ಬಂದಿತ್ತು. ನಡುವಿನ ಕಾಂಟ್ರಾವನ್ನು ನಾನು ಎಂದೂ ಕಂಡಿರಲಿಲ್ಲ. ಅಮ್ಮ, ಭಾವ, ಅಕ್ಕನ ಅತ್ತೆ ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಮಗು ಆಗ್ಲಿ ಅಂತ ಬರ್ದಿದ್ದಾರೆ" ಎಂದುಬಿಟ್ಟೆ.

"ನಾನೂ ಅದ್ನೇ ಹೇಳ್ತಿರೋದು. ಒಂದು ಹೆತ್ರೆ ಎಲ್ಲಾ ಸರಿಹೋಗುತ್ತೆ" ಎಂದರು ಅತ್ತೆ.

ವರ್ಷ ತುಂಬುವುದರೊಳಗೆ ಅಕ್ಕ ಬಸುರಿಯಾದಳು. ಐದನೇ ತಿಂಗಳಲ್ಲಿ ನಾನು ನೋಡಲು ಹೋದಾಗ ಅವಳು ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಪಾದ ಊದಿ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. "ಮಲಗಿದ್ರೆ ಕೆರೇಲಿ ಮುಳುಗ್ದಂಗಾಗುತ್ತೆ ಕಣೇ" ಎಂದಳು. ಕೆಮ್ಮಿದಾಗ ಸೆರಗಿನಲ್ಲಿ ರಕ್ತದ ಎಳೆ ಕಂಡಿತು. ಮಾರನೇ ಬೆಳಿಗ್ಗೆಯೇ ಭಾವನೂ ನಾನೂ ಅವಳನ್ನು ಬಸ್ಸಿನಲ್ಲಿ ಕಡೂರಿಗೆ, ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದೆವು.

ಡಾಕ್ಟರು ಅಕ್ಕನ ಎದೆ ನೋಡಿ, ಇಂಜೆಕ್ಷನ್ ಕೊಡಿಸಲು ಭಾವನ ಜೊತೆ ಒಳಗೆ ಕಳಿಸಿದರು. ಆಮೇಲೆ ಚೀಟಿ ಬಿಡಿಸಿದರು. ಓದುತ್ತಾ ಓದುತ್ತಾ ಅವರ ಮುಖ ಕೆಂಪಾಯಿತು.

"ಇದನ್ನ ಯಾರೂ ಓದ್ಲಿಲ್ವೇನಮ್ಮ?"

"ನಾನೇ ಓದಿದ್ದು ಮೇಡಂ."

ಅವರು ನಿಧಾನವಾಗಿ ಹೇಳಿದರು. "ಹೃದಯದಲ್ಲಿ ನಾಲ್ಕು ಕೋಣೆ ಇರುತ್ತೆ. ನಡುವೆ ರಕ್ತ ದಾಟೋಕೆ ಬಾಗಿಲು. ಅದ್ರಲ್ಲಿ ಒಂದು ಬಾಗಿಲ ಹೆಸರು ಮೈಟ್ರಲ್. ಸ್ಟೆನೋಸಿಸ್ ಅಂದ್ರೆ ಕಿರಿದಾಗೋದು. ಚಿಕ್ಕವಳಿದ್ದಾಗ ಕೀಲು ಊದಿ ಜ್ವರ ಬಂದಿತ್ತಾ?"

ಬಂದಿತ್ತು. ಅಮ್ಮ ಹರಳೆಣ್ಣೆ ಹಚ್ಚಿದ್ದಳು.

"ಆ ಜ್ವರಕ್ಕೇ ಬಾಗಿಲು ದಪ್ಪವಾಗಿ ಅಂಟಿಕೊಂಡಿದೆ. ಮುಂದೆ ಹೋಗೋಕಾಗದ ರಕ್ತ ಹಿಂದಕ್ಕೆ, ಶ್ವಾಸಕೋಶದಲ್ಲಿ ತುಂಬ್ಕೊಳ್ಳುತ್ತೆ. ಬಸುರಿಯಾದ್ರೆ ರಕ್ತ ಇನ್ನೂ ಹೆಚ್ಚಾಗುತ್ತೆ. ಅದಕ್ಕೇ ಉಸಿರು ಸಾಲ್ತಿಲ್ಲ."

"ಕೊನೇ ಸಾಲು, ಮೇಡಂ?"

"ಕೂಡದು ಅಂತ. ಬಸಿರು ಕೂಡದು."

ಡಾಕ್ಟರು ಚೀಟಿ ಮಡಿಸುತ್ತಾ, "ಕೂಡದು ಅಂತ ಕನ್ನಡದಲ್ಲಿ ಬರೆಯೋಕೆ ನಮಗೇನಾಗಿತ್ತೋ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಬೆಂಗಳೂರಿಗೆ ಇವತ್ತೇ ಹೊರಡಿ ಎಂದರು.

ಕಡೂರು ಸ್ಟೇಷನ್ನಿನಲ್ಲಿ ಸಿಕ್ಕಿದ ರೈಲು ಹತ್ತಿದೆವು. ಅಕ್ಕ ಕಿಟಕಿಯ ಸರಳು ಹಿಡಿದು ನೆಟ್ಟಗೆ ಕೂತಿದ್ದಳು. ಭಾವ ನೀರು ತರಲು ಒಂದು ಸ್ಟೇಷನ್ನಿನಲ್ಲಿ ಇಳಿದಾಗ, "ನಿಜ ಹೇಳು, ಡಾಕ್ಟ್ರು ಏನಂದ್ರು?" ಎಂದಳು. ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ನೋಡಿದಳು.

"ಅತ್ತೆಗೆ ಹೇಳ್ಬೇಡ. ನಿನ್ನನ್ನ ಮನೆಗೇ ಸೇರ್ಸಲ್ಲ ಅವ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಅವಳ ಪಕ್ಕೆಲುಬಿನ ನಡುವೆ ಕೊಯ್ದು, ಹೃದಯದೊಳಗೆ ಬೆರಳು ತೂರಿಸಿ ಆ ಬಾಗಿಲನ್ನು ಅಗಲ ಮಾಡಿದರು. ಅಕ್ಕ ಉಳಿದಳು. ನಾಲ್ಕನೇ ದಿನ ಗರ್ಭ ಇಳಿದು ಮಗು ಹೋಯಿತು. ಗಂಡು. ಭಾವ ಬಿಳಿ ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಹೋಗುವುದನ್ನು ನಾನು ವರಾಂಡದಲ್ಲಿ ನಿಂತು ನೋಡಿದೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಇನ್ನು ಮಕ್ಕಳಾಗದಂತೆ ಅವಳಿಗೆ ಆಪರೇಷನ್ನೂ ಆಯಿತು.

ಅಜ್ಜಂಪುರದಲ್ಲಿ ಅವಳಿಗೆ 'ಬಂದ ಮಗೂನ ಉಳಿಸ್ಕೊಳ್ಳದವಳು' ಎಂಬ ಹೆಸರು ಬಿತ್ತು. ಅತ್ತೆಯೇ ಬಂದವರ ಮುಂದೆಲ್ಲ ಹಾಗೆ ಹೇಳುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಒಂದು ದಿನ ನನ್ನ ಕಣ್ಣೆದುರೇ ಅದಾಯಿತು. ತಡೆಯಲಾಗಲಿಲ್ಲ.

"ಅವಳದೇನೂ ತಪ್ಪಿಲ್ಲ ಅತ್ತೆಮ್ಮ. ಬಸಿರು ಕೂಡದು ಅಂತ ಡಾಕ್ಟ್ರು ಬರ್ದಿದ್ರು. ನಾನು ತಪ್ಪು ಓದ್ದೆ. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು."

ಭಾವ ಮೆಲ್ಲಗೆ ಎದ್ದು ತೋಟದ ಕಡೆ ಹೋದರು. ಅತ್ತೆ ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆದರು. ಮೂರು ವರ್ಷ ನಾನು ಆ ಮನೆಗೆ ಕಾಲಿಡಲಿಲ್ಲ. ಅಕ್ಕನನ್ನು ಮಾತ್ರ ಆಮೇಲೆ ಯಾರೂ ಏನೂ ಅನ್ನಲಿಲ್ಲವಂತೆ.