ಅಪ್ಪನ ಮಾತಿನ ಖಾನೆಗಳು

ಬೋಲ್ಟು-ನಟ್ಟು ಅಂಗಡಿಯ ಯಜಮಾನನನ್ನು ನಮ್ಮ ಬೀದಿ ಕರೆಯುತ್ತಿದ್ದುದು 'ಸಿಡಿಲು' ಎಂದು. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೆಮ್ಮಿದರೆ ಎದುರು ಕಟ್ಟಡದ ಗಾರೆ ಉದುರುತ್ತಿತ್ತು. ಗಾರೆಯವನು ಬಂದು ಅವನಿಗೆ ಕೈಮುಗಿದು ಹೋಗುತ್ತಿದ್ದ. ಅಂಥ ಸಿಡಿಲಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಓದು ಹೋಯಿತು, ಮಾತು ಪೂರ್ತಿ ಬಿದ್ದುಹೋಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಸಂಕಟವಿದ್ದದ್ದೇ ಅಲ್ಲಿ: ಗೋದಾಮಿನ ತುಂಬ ಸರಕು, ಬಾಗಿಲಿಗೆ ಬೀಗ.

ನಾನು ಹೇಳಹೊರಟದ್ದು ಅವನ ಮಗಳ ವಿಷಯ. ಟಿಪ್ಪಣಿ ಬರೆದಿಡುವ ಆ್ಯಪ್ ಒಂದಕ್ಕೆ ಪ್ಲಗಿನ್, ಅಂದರೆ ಮೇಲಿಂದ ಜೋಡಿಸುವ ಸಣ್ಣ ತುಣುಕು, ಮಾಡುವುದು ಅವಳ ಕಸುಬು. ಜನ ಬರೆದು ಗುಡ್ಡೆ ಹಾಕಿದ್ದನ್ನು ಅವರವರಿಗೆ ಬೇಕಾದ ಹಾಗೆ, ಕ್ಯಾಲೆಂಡರಾಗಿಯೋ ಚೀಟಿಗಳಾಗಿಯೋ ತೋರಿಸುವ 'ವ್ಯೂ' ಕಟ್ಟಿಕೊಡುತ್ತಾಳೆ.

"ಇರೋದನ್ನೇ ಜೋಡಿಸಿ ತೋರಿಸೋದಕ್ಕೆ ಸಂಬಳಾನಾ? ನನ್ನ ಶೋಕೇಸಿಗೆ ಯಾರೂ ಕೊಡಲಿಲ್ವಲ್ಲೇ!" ಎಂದು ಮಾತಿದ್ದ ದಿನಗಳಲ್ಲಿ ಸಿಡಿಲು ನಗುತ್ತಿದ್ದ.

ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಹೊಸಿಲ ಬಳಿ ನಿಂತು ಮಗಳಿಗೆ ಹೇಳಿದಳು: "ಹೇಗಾದ್ರೂ ಮಾಡಿ ಅವರು ಏನಾದ್ರೂ ಕೇಳ್ತಾ ಇರಬೇಕಮ್ಮ. ಕೇಳೋ ಆಸೇನೇ ಬಿಟ್ಟರೆ, ಮಾತು ಮತ್ತೆ ಬರೋದು ಕಷ್ಟ."

ಮಗಳು ಮಿಕ್ಕ ಕೆಲಸ ಮೂಲೆಗೆಸೆದು ಅಪ್ಪನಿಗೊಂದು ವ್ಯೂ ಕಟ್ಟತೊಡಗಿದಳು. ಒಂದೊಂದು ಮಾತಿಗೂ ಒಂದು ಚೀಟಿ, ಚೀಟಿಯ ಮೇಲೊಂದು ಚಿತ್ರ. ಒತ್ತಿದರೆ ಟ್ಯಾಬು ಅವಳದೇ ಧ್ವನಿಯಲ್ಲಿ ಆ ಮಾತು ಹೇಳಬೇಕು.

"ಕೊನೇಲಿ 'ಮುಚ್ಚೇ ಬಾಯಿ' ಅಂತ ಒಂದು ಹಾಕು," ಎಂದಳು ಅಮ್ಮ.

"ತಮಾಷೆ ಮಾಡೋ ಹೊತ್ತಾ ಅಮ್ಮಾ ಇದು?"

"ತಮಾಷೆ ಯಾರು ಮಾಡ್ತಿದಾರೆ? ಮದುವೆ ಆದಾಗಿಂದ ಆ ಮನುಷ್ಯ ನನಗೆ ಹೇಳಿರೋದೇ ಅದು. ಅದಿಲ್ಲದೆ ಅವರ ಮಾತು ಹೇಗಾಗುತ್ತೆ?"

ಮಗಳು ಸೋತು, ಬೀಗದ ಚಿತ್ರ ಹಾಕಿ, ಬಲಗಡೆಯ ಕೆಳಮೂಲೆಗೆ ಅದನ್ನು ತಳ್ಳಿದಳು.

ಮೊದಲ ದಿನ ಮಗಳು ಒಂದೊಂದು ಚಿತ್ರವನ್ನೂ ತೋರಿಸಿ ಅದರ ಮಾತು ಹೇಳಿಕೊಟ್ಟಳು. ಸಿಡಿಲು ಎಡಗೈಯಿಂದ ನೀರು ಕೇಳಿದ, ಕಂಬಳಿ ಕೇಳಿದ. ಮನೆಯೇ ಎರಡಡಿ ಮೇಲೆದ್ದಿತು. ಮಾರನೆಯ ದಿನ ನೀರು ಬೇಕೆಂದು ಒತ್ತಿದರೆ ಟ್ಯಾಬು 'ಬಚ್ಚಲು' ಅಂದಿತು. ಅಮ್ಮ ಅವನನ್ನು ಎಬ್ಬಿಸಿ ಎಳೆದುಕೊಂಡು ಹೋದಳು. ಬಚ್ಚಲಿಗೆ ಹೋಗಬೇಕಾದಾಗ ಚೊಂಬು ನೀರು ಬಂತು, ಹಾಸಿಗೆ ಒದ್ದೆಯಾಯಿತು. ಮಗಳು ಚಿತ್ರ ದೊಡ್ಡದು ಮಾಡಿದಳು, ಬಣ್ಣ ಬದಲಿಸಿದಳು, ಚೀಟಿ ಕಡಿಮೆ ಮಾಡಿದಳು. ತಿದ್ದಿದಷ್ಟೂ ಕೆಟ್ಟಿತು. ಕೊನೆಗೆ ಸಿಡಿಲು ಟ್ಯಾಬನ್ನು ತಳ್ಳಿ ಗೋಡೆಗೆ ಮುಖ ಮಾಡಿದ. ಊಟ ಹತ್ತಿರ ತಂದರೆ ತುಟಿ ಬಿಗಿಯುತ್ತಿದ್ದ.

ನಾನು ನೋಡಲು ಹೋದಾಗ ಅವಳು ಮೇಜಿಗೆ ಹಣೆ ಒತ್ತಿ ಕೂತಿದ್ದಳು. "ಕಾಯಿಲೆ ಅರ್ಧ ಬಾಯಿ ಹೊಲಿದಿತ್ತು, ಮಾವ. ಮಿಕ್ಕಿದ್ದನ್ನ ನಾನೇ ಹೊಲಿದೆ."

ನನ್ನ ಬಾಯಿಗೆ ಬಂದದ್ದು ಹಾಳು ಹಳೇ ಕತೆ. "ನಿಮ್ಮಪ್ಪ ಹಾಗೇ ಕಣಮ್ಮ. ಒಂದು ಸಲ ಅಂಗಡೀಲಿ ಕೈಗೂಡಿಸೋಕೆ ಹೋಗಿ ವಾಷರ್ ಡಬ್ಬೀನ ಪಕ್ಕದ ಖಾನೆಗೆ ಇಟ್ಟೆ ಅಂತ ಏಳು ಜನ್ಮ ನನ್ನ ಹತ್ರ ಮಾತು ಬಿಟ್ಟಿದ್ದ. ಅವನು ಸಾಮಾನು ನೋಡ್ತಿದ್ನಾ? ಗಿರಾಕಿ ಮುಖ ನೋಡ್ತಾನೇ ಕೈ ಹಾಕ್ತಿದ್ದ."

ಅವಳು ತಲೆಯೆತ್ತಿದಳು. ಒಳಗೆ ಹೋಗಿ ನೋಡಿದಳು. ಗೋಡೆಗೆ ತಿರುಗಿದ್ದ ಅಪ್ಪನ ಎಡಗೈ ಬೆನ್ನ ಹಿಂದಿನ ಸ್ಟೂಲಿನ ಮೇಲೆ, ಆರಿಹೋಗಿದ್ದ ಟ್ಯಾಬಿನ ಒಂದೇ ಮೂಲೆಯನ್ನು ತಟ್ಟುತ್ತಿತ್ತು. ಮೊದಲ ದಿನ ನೀರು ಇದ್ದ ಜಾಗ.

"ಅಯ್ಯೋ ಅಪ್ಪಾ..."

ಅವಳ ಕಸುಬಿನಲ್ಲಿ ಇದೊಂದು ಮರ್ಯಾದೆ: ಈಗಷ್ಟೇ ಬಳಸಿದ್ದು ತಾನಾಗಿ ಮೊದಲ ಸಾಲಿಗೆ ಬರಬೇಕು, ಹುಡುಕುವ ಶ್ರಮ ಇರಬಾರದು. ಅಪ್ಪನಿಗೆ ಬೇಕೇ ಎಂದು ಕೇಳದೆಯೇ, ಕೈ ಅಭ್ಯಾಸದಿಂದ, ಇಲ್ಲೂ ಹಾಗೇ ಬರೆದಿದ್ದಳು. ಅಪ್ಪ ಒತ್ತಿದಾಗಲೆಲ್ಲ ಅವನ ಖಾನೆಗಳನ್ನು ಯಾರೋ ಕಲಸಿಹಾಕುತ್ತಿದ್ದರು. ಆ ಯಾರೋ ಇವಳೇ.

ಮೊದಲ ದಿನದ ಜಾಗಗಳನ್ನೇ ಮತ್ತೆ ತಂದು, ಅಲ್ಲಾಡದಂತೆ ಮೊಳೆ ಹೊಡೆದಳು. ಟ್ಯಾಬನ್ನು ಅಪ್ಪನ ಕೈಯ ಪಕ್ಕದಲ್ಲಿಟ್ಟಳು. ಸಿಡಿಲು ಮುಟ್ಟಲಿಲ್ಲ. ಸಂಜೆಯಾಯಿತು, ಮುಟ್ಟಲಿಲ್ಲ. ಮಗಳು ಬಾಗಿಲಿಗೊರಗಿ ನಿಂತಿದ್ದಳು. ಅಮ್ಮ ಶುರುಮಾಡಿದಳು.

"ಒತ್ತಿ ಅಂದ್ರೆ! ಒಂದೇ ಒಂದು ಸಲ. ನಮ್ಮ ಮೇಲೆ ಯಾಕ್ರೀ ಈ ಹಗೆ? ಆ ಹುಡುಗಿ ಅನ್ನ ನೀರು ಬಿಟ್ಟಿದಾಳೆ. ನಾನು ಯಾರ ಹತ್ರ ಜಗಳ ಆಡ್ಲಿ? ಗೋಡೆ ಹತ್ರಾನಾ? ಹೇಳ್ರೀ..." ಬೇಡಿದಳು, ಬೈದಳು, ಮೂಗು ಸೀಟಿದಳು, ಮತ್ತೆ ಮೊದಲಿಂದ ಬೇಡಿದಳು.

ಸಿಡಿಲು ಗೋಡೆಯಿಂದ ಮುಖ ತಿರುಗಿಸಲಿಲ್ಲ. ಕೈಯಷ್ಟೇ ಹಿಂದಕ್ಕೆ ಬಂತು. ಅಂಚು ಸವರಿ, ಬಲಗಡೆಯ ಕೆಳಮೂಲೆಗೆ ಇಳಿಯಿತು.

"ಮುಚ್ಚೇ ಬಾಯಿ," ಎಂದಿತು ಮಗಳ ಧ್ವನಿ.

ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಸಿಡಿಲು ಸ್ವಲ್ಪ ಹೊತ್ತು ಕಾದ. ಆಮೇಲೆ, ನಂಬಿಕೆಯಿಲ್ಲದ ಗಿರಾಕಿಯ ಹಾಗೆ, ಅದೇ ಜಾಗವನ್ನು ಮತ್ತೊಮ್ಮೆ ಒತ್ತಿ ನೋಡಿದ.

ಅದು ಅಲ್ಲೇ ಇತ್ತು.